ಮೊಲಕ್ಕೆ ಮೂರೇ ಕಾಲು ಎಂದು ಕಾಯ್ದೆ ಬರೆದವರು

2024ರ ಏಪ್ರಿಲ್ 25ರಂದು ಬ್ರಿಟನ್ನಿನಲ್ಲಿ ಒಂದು ಕಾಯ್ದೆಗೆ ರಾಜನ ಅಂಕಿತ ಬಿತ್ತು. ಓದಿ ಮುಗಿಸಲು ಅರ್ಧ ಗಂಟೆಯೂ ಬೇಡ, ಅಷ್ಟು ಚಿಕ್ಕದು. ಅದರ ಎರಡನೇ ಸೆಕ್ಷನ್ನಿನ ಸಾರ ಇಷ್ಟು. ಆಫ್ರಿಕಾದ ರುವಾಂಡಾ ಸುರಕ್ಷಿತ ದೇಶ ಎಂದು ಎಲ್ಲರೂ ಒಪ್ಪಿಕೊಳ್ಳಲೇಬೇಕು. ಮಂತ್ರಿ ಒಪ್ಪಬೇಕು, ವಲಸೆ ಅಧಿಕಾರಿ ಒಪ್ಪಬೇಕು, ಜಡ್ಜೂ ಒಪ್ಪಬೇಕು. ಅಲ್ಲ ಸ್ವಾಮಿ, ಅಲ್ಲಿಗೆ ಕಳಿಸಿದ ನಿರಾಶ್ರಿತರನ್ನು ಅವರು ಜೀವ ಉಳಿಸಿಕೊಳ್ಳಲು ಬಿಟ್ಟು ಬಂದ ದೇಶಕ್ಕೇ ವಾಪಸ್ ಅಟ್ಟಬಹುದು ಎಂದು ಯಾರಾದರೂ ವಾದಿಸಿದರೆ? ಕೋರ್ಟು ಆ ವಾದವನ್ನು ಕಿವಿಗೆ ಹಾಕಿಕೊಳ್ಳಲೂ ಬಾರದು.

ಇದಕ್ಕೆ ಐದು ತಿಂಗಳ ಹಿಂದಷ್ಟೇ, 2023ರ ನವೆಂಬರ್ 15ರಂದು, ಸುಪ್ರೀಂ ಕೋರ್ಟಿನ ಐವರು ಜಡ್ಜುಗಳು ಒಮ್ಮತದಿಂದ ಹೇಳಿದ್ದು ಪೂರಾ ಉಲ್ಟಾ. ಬ್ರಿಟನ್ನಿಗೆ ಆಶ್ರಯ ಕೇಳಿ ದೋಣಿಯಲ್ಲಿ ಬಂದವರನ್ನು ರುವಾಂಡಾಕ್ಕೆ ಕಳಿಸುವ ಯೋಜನೆ ಕಾನೂನಿಗೆ ವಿರುದ್ಧ ಎಂದಿದ್ದರು. ಸುಮ್ನೆ ಅಂದಾಜಿನ ಮೇಲೆ ಹೇಳಿದ ಮಾತಲ್ಲ ಅದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಸಾಕ್ಷ್ಯ ಅವರ ಮುಂದಿತ್ತು. 2020ರಿಂದ 2022ರವರೆಗೆ ಅಫ್ಘಾನಿಸ್ತಾನ, ಸಿರಿಯಾ, ಯೆಮನ್‌ಗಳಿಂದ ಬಂದವರ ಅರ್ಜಿಗಳನ್ನು ರುವಾಂಡಾ ಒಂದೂ ಬಿಡದೆ ತಳ್ಳಿಹಾಕಿತ್ತು. ಹಿಂದೆ ಇಸ್ರೇಲ್ ಇಂಥದ್ದೇ ಒಪ್ಪಂದ ಮಾಡಿಕೊಂಡು ಕಳಿಸಿದವರಿಗೂ ಅಲ್ಲಿ ನೆಲೆ ಸಿಕ್ಕಿರಲಿಲ್ಲ. ಜಡ್ಜುಗಳು ಇವನ್ನೆಲ್ಲ ತೂಗಿ ನೋಡಿ, ಅಪಾಯ ಇದೆ ಎಂದರು.

ಆಗಿನ ಪ್ರಧಾನಿ ರಿಷಿ ಸುನಕ್ ಸರ್ಕಾರ ಮೂರು ವಾರದೊಳಗೆ ರುವಾಂಡಾದ ಜತೆ ಹೊಸ ಒಪ್ಪಂದ ಮಾಡಿಕೊಂಡಿತು. ಅದಾಗಿ ಎರಡೇ ದಿನಕ್ಕೆ ಮಸೂದೆ ಬಂತು. ಒಪ್ಪಂದ ಆಗಿದೆ, ಹಾಗಾಗಿ ಈಗ ರುವಾಂಡಾ ಸುರಕ್ಷಿತ, ಮಾತು ಮುಗಿಯಿತು ಎಂಬ ಧಾಟಿ. ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ 320ಕ್ಕೆ 276 ಮತಗಳಲ್ಲಿ ಅದು ಪಾಸಾಯಿತು.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವು ಹಟಮಾರಿಗಳನ್ನು ಆಡಿಕೊಳ್ಳಲು ಬಳಸುತ್ತೇವೆ. ಅದನ್ನೇ ಕಾಯ್ದೆ ಮಾಡಿ, ಇನ್ನು ಮುಂದೆ ಕಾಲು ಎಣಿಸಬೇಡಿ ಎಂದು ಕೋರ್ಟಿಗೆ ಹೇಳಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹಾಗೆ ಮಾಡಲು ಬರುತ್ತದಾ? ಬ್ರಿಟನ್ನಿನಲ್ಲಿ ಬರುತ್ತದೆ. ಅದೇ ಇಲ್ಲಿನ ಸ್ವಾರಸ್ಯ.

ಆ ದೇಶಕ್ಕೆ ನಮ್ಮಂತೆ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನ ಇಲ್ಲ. ಹಳೆಯ ಕಾಯ್ದೆಗಳು, ಕೋರ್ಟಿನ ತೀರ್ಪುಗಳು, ಹಿಂದಿನಿಂದ ನಡೆದು ಬಂದ ಪದ್ಧತಿಗಳು, ಇವೆಲ್ಲ ಸೇರಿ ಸಂವಿಧಾನ. ಇವುಗಳ ಮೇಲೆ ಕೂತಿರುವ ಒಂದು ನಿಯಮ ಇದೆ. ಪಾರ್ಲಿಮೆಂಟು ಯಾವ ಕಾಯ್ದೆಯನ್ನು ಬೇಕಾದರೂ ಮಾಡಬಹುದು, ಯಾವುದನ್ನು ಬೇಕಾದರೂ ತೆಗೆಯಬಹುದು. ಅದು ಮಾಡಿದ ಕಾಯ್ದೆ ಅಸಿಂಧು ಎಂದು ಹೇಳುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ. ಇವತ್ತಿನ ಪಾರ್ಲಿಮೆಂಟು ನಾಳೆಯ ಪಾರ್ಲಿಮೆಂಟಿನ ಕೈ ಕಟ್ಟಿಹಾಕುವಂತೆಯೂ ಇಲ್ಲ. 1885ರಲ್ಲಿ ಎ. ವಿ. ಡೈಸಿ ಎಂಬ ಆಕ್ಸ್‌ಫರ್ಡ್ ಪ್ರಾಧ್ಯಾಪಕರು ಇದನ್ನು ಅಚ್ಚುಕಟ್ಟಾಗಿ ಬರೆದಿಟ್ಟರು. ಅಂದಿನಿಂದ ಅಲ್ಲಿನ ಕಾನೂನು ವಿದ್ಯಾರ್ಥಿಗಳಿಗೆ ಅದೇ ಬಾಯಿಪಾಠ.

ಈ ನಿಯಮವನ್ನು ಎಳೆದು ಎಳೆದು ಎಲ್ಲಿಗೆ ಒಯ್ಯಬಹುದು ಎಂದು ತೋರಿಸಲು ಅವರಲ್ಲಿ ಎರಡು ಉದಾಹರಣೆ ಜನಪ್ರಿಯ. ಒಂದು ಐವರ್ ಜೆನ್ನಿಂಗ್ಸ್ ಎಂಬ ಸಂವಿಧಾನ ಪಂಡಿತರದು. ಪ್ಯಾರಿಸ್ಸಿನ ಬೀದಿಗಳಲ್ಲಿ ಸಿಗರೇಟು ಸೇದುವುದು ಅಪರಾಧ ಎಂದು ಲಂಡನ್ನಿನ ಪಾರ್ಲಿಮೆಂಟು ಕಾಯ್ದೆ ಮಾಡಬಹುದು ಎಂದಿದ್ದರು. ಜಾರಿ ಮಾಡಲು ಆಗುತ್ತದೋ ಬಿಡುತ್ತದೋ, ಕಾಯ್ದೆಯಂತೂ ಊರ್ಜಿತ. ಇದೇ ಜೆನ್ನಿಂಗ್ಸ್ 1952ರಲ್ಲಿ ಮದ್ರಾಸಿಗೆ ಬಂದು ಭಾಷಣ ಮಾಡಿ, ನಮ್ಮ ಸಂವಿಧಾನ ತೀರಾ ಉದ್ದ, ತೀರಾ ಬಿಗಿ ಎಂದು ಹುಳುಕು ಹುಡುಕಿ ಹೋದರು. ಅವರು ಕೈಯಾಡಿಸಿದ ಸಿಲೋನಿನ ಸಂವಿಧಾನ 1972ರಲ್ಲಿ ಮೂಲೆ ಸೇರಿತು. ನಮ್ಮ ಉದ್ದದ್ದು ಇನ್ನೂ ಇದೆ. ಇರಲಿ.

ಇನ್ನೊಂದು ಉದಾಹರಣೆ ಲೇಖಕ ಲೆಸ್ಲಿ ಸ್ಟೀಫನ್ 1882ರಲ್ಲಿ ಕೊಟ್ಟದ್ದು. ನೀಲಿ ಕಣ್ಣಿನ ಮಕ್ಕಳನ್ನೆಲ್ಲ ಕೊಲ್ಲಬೇಕು ಎಂದು ಪಾರ್ಲಿಮೆಂಟು ಕಾಯ್ದೆ ಮಾಡಿದರೆ, ಅಂಥ ಮಗುವನ್ನು ಉಳಿಸುವುದೇ ಕಾನೂನುಬಾಹಿರ. ಆದರೆ ಅಂಥ ಕಾಯ್ದೆ ಮಾಡಬೇಕಾದರೆ ಸಭೆಯವರಿಗೆ ಹುಚ್ಚು ಹಿಡಿದಿರಬೇಕು, ಅದನ್ನು ಪಾಲಿಸಬೇಕಾದರೆ ಜನ ಪೆದ್ದರಾಗಿರಬೇಕು ಎಂದೂ ಅವರು ಸೇರಿಸಿದ್ದರು. ಅಂದರೆ ಲಗಾಮು ಇದೆ, ಆದರೆ ಅದು ಕಾನೂನಿನೊಳಗೆ ಇಲ್ಲ. ಮನುಷ್ಯರ ಬುದ್ಧಿಯಲ್ಲಿ, ನಾಚಿಕೆಯಲ್ಲಿ, ರೂಢಿಯಲ್ಲಿ ಇದೆ.

ಈ ನಿಯಮ ಹುಟ್ಟಿದ್ದು ಒಳ್ಳೆಯ ಕಾರಣಕ್ಕೇ. ಹದಿನೇಳನೇ ಶತಮಾನದಲ್ಲಿ ರಾಜನ ಕೈ ಕಟ್ಟಬೇಕಿತ್ತು. ಒಂದನೇ ಜೇಮ್ಸ್ ತಾನೇ ಖುದ್ದಾಗಿ ಕೇಸು ತೀರ್ಮಾನಿಸುತ್ತೇನೆ ಎಂದು ಹೊರಟಾಗ, ಎಡ್ವರ್ಡ್ ಕೋಕ್ ಎಂಬ ಜಡ್ಜು ಅಡ್ಡ ನಿಂತರು. ದೇವರು ನಿಮಗೆ ಬುದ್ಧಿ ಕೊಟ್ಟಿದ್ದಾನೆ, ಆದರೆ ಕಾನೂನು ಕಲಿತೇ ಬರಬೇಕಾದ ವಿದ್ಯೆ ಎಂದು ರಾಜನಿಗೇ ಹೇಳಿದರು. ಅದು 1607ರ ಮಾತು. ಜೇಮ್ಸನ ಮಗನ ತಲೆ 1649ರಲ್ಲಿ ಉರುಳಿತು. ಮೊಮ್ಮಗ 1688ರಲ್ಲಿ ದೇಶ ಬಿಟ್ಟು ಓಡಿದ. ಮುಂದಿನ ವರ್ಷ ಬಂದ ಹಕ್ಕುಗಳ ಕಾಯ್ದೆ, ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ರಾಜ ಕಾಯ್ದೆಗಳನ್ನು ತಡೆಹಿಡಿಯುವಂತಿಲ್ಲ, ತೆರಿಗೆ ಎತ್ತುವಂತಿಲ್ಲ ಎಂದಿತು. ಪಾರ್ಲಿಮೆಂಟು ಸರ್ವೋಚ್ಚ ಎಂಬ ಮಾತಿನ ಬೇರು ಇಲ್ಲಿದೆ. ಅರಮನೆಯ ವಿರುದ್ಧ ಗೆದ್ದ ಮಾತು ಅದು.

ಇದರ ಪಕ್ಕದಲ್ಲೇ ಬೆಳೆದ ಇನ್ನೊಂದು ಮಾತು ಕಾನೂನಿನ ಆಳ್ವಿಕೆ. ಇದನ್ನು ವಿವರಿಸಲು ಜಾನ್ ಎಂಟಿಕ್ ಎಂಬ ಬರಹಗಾರನ ಕಥೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 1762ರ ನವೆಂಬರಿನಲ್ಲಿ ರಾಜನ ಆಳುಗಳು ಅವನ ಮನೆಗೆ ನುಗ್ಗಿದರು. ಸರ್ಕಾರವನ್ನು ಬೈಯುವ ಕಾಗದಪತ್ರ ಇದೆಯೇ ಎಂದು ನಾಲ್ಕು ಗಂಟೆ ಕಾಲ ಬೀಗ ಮುರಿದು, ಪೆಟ್ಟಿಗೆ ತಡಕಾಡಿದರು. ಕೈಯಲ್ಲಿದ್ದದ್ದು ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಕೊಟ್ಟ ವಾರಂಟು. ಎಂಟಿಕ್ ಅತಿಕ್ರಮಣದ ದಾವೆ ಹೂಡಿದ. 1765ರಲ್ಲಿ ಜಡ್ಜು ಲಾರ್ಡ್ ಕ್ಯಾಮ್ಡೆನ್ ಕೇಳಿದ್ದು ಒಂದೇ ಪ್ರಶ್ನೆ. ಇಂಥ ವಾರಂಟು ಕೊಡುವ ಅಧಿಕಾರ ಮಂತ್ರಿಗೆ ಯಾವ ಕಾನೂನಿನಲ್ಲಿದೆ, ತೋರಿಸಿ. ಇದ್ದರೆ ಪುಸ್ತಕದಲ್ಲಿ ಸಿಗಬೇಕು. ಸಿಗಲಿಲ್ಲ. ಆಡಳಿತಕ್ಕೆ ಅನುಕೂಲ ಎಂಬ ನೆಪ ನಡೆಯಲಿಲ್ಲ. ಜ್ಯೂರಿ ಎಂಟಿಕ್‌ಗೆ 300 ಪೌಂಡ್ ಪರಿಹಾರ ಕೊಟ್ಟಿತು. ಮಂತ್ರಿಯ ಆಳಾದರೂ ಸರಿ, ಕಾನೂನು ಇಲ್ಲದೆ ಬೇಲಿ ಹಾರಿದರೆ ಅವನೂ ಕಳ್ಳನ ಸಾಲಿಗೇ.

ಈ ಎರಡೂ ಮಾತುಗಳನ್ನು ಡೈಸಿ ಒಂದೇ ಗಾಡಿಗೆ ಕಟ್ಟಿದ ಜೋಡೆತ್ತು ಎನ್ನುವ ಹಾಗೆ ಬರೆದರು. ಆದರೆ ಎಂಟಿಕ್ ಕಥೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಮರುದಿನ ಪಾರ್ಲಿಮೆಂಟು ಕೂತು, ಮಂತ್ರಿ ಯಾರ ಮನೆಯನ್ನು ಬೇಕಾದರೂ ಜಾಲಾಡಬಹುದು ಎಂದು ಕಾಯ್ದೆ ಮಾಡಿದ್ದರೆ? ಆಗ ಪುಸ್ತಕದಲ್ಲಿ ಸಿಗುತ್ತಿತ್ತು. ಎಂಟಿಕ್‌ಗೆ ಏನೂ ದಕ್ಕುತ್ತಿರಲಿಲ್ಲ. ಕಾನೂನಿನ ಆಳ್ವಿಕೆ ಅಂದರೆ ಕಾಯ್ದೆಯಲ್ಲಿ ಬರೆದಿದ್ದರೆ ಸಾಕು ಅಂತಲೋ, ಅಥವಾ ಆ ಕಾಯ್ದೆಯೂ ಯಾವುದೋ ಮಟ್ಟದ ನ್ಯಾಯಕ್ಕೆ ಒಪ್ಪಬೇಕು ಅಂತಲೋ? ಬ್ರಿಟನ್ನು ಈ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. 2005ರ ಸಂವಿಧಾನ ಸುಧಾರಣಾ ಕಾಯ್ದೆಯ ಮೊದಲ ಸೆಕ್ಷನ್ನಿನಲ್ಲಿ ಕಾನೂನಿನ ಆಳ್ವಿಕೆಯ ತತ್ವಕ್ಕೆ ಧಕ್ಕೆ ಬರಬಾರದು ಎಂದಿದೆ. ಅದು ಏನು ಎಂದು ಮಾತ್ರ ಇಡೀ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಅಧಿಕಾರ ಹಂಚಿಕೆಯ ವಿಷಯಕ್ಕೆ ಬಂದರೆ ನಗು ಬರುತ್ತದೆ. ಶಾಸನ, ಆಡಳಿತ, ನ್ಯಾಯ ಮೂರೂ ಬೇರೆ ಬೇರೆ ಕೈಯಲ್ಲಿರಬೇಕು ಎಂದು 1748ರಲ್ಲಿ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಬರೆದದ್ದು ಇಂಗ್ಲೆಂಡನ್ನು ಕಣ್ಣಮುಂದೆ ಇಟ್ಟುಕೊಂಡು. ಆದರೆ ಅದೇ ಇಂಗ್ಲೆಂಡಿನಲ್ಲಿ ಲಾರ್ಡ್ ಚಾನ್ಸಲರ್ ಎಂಬ ಒಬ್ಬ ಮನುಷ್ಯ ಇಪ್ಪತ್ತೊಂದನೇ ಶತಮಾನದವರೆಗೂ ಮೂರು ಟೋಪಿ ಹಾಕಿಕೊಂಡು ಓಡಾಡುತ್ತಿದ್ದ. ಕ್ಯಾಬಿನೆಟ್ಟಿನಲ್ಲಿ ಮಂತ್ರಿ, ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಸಭಾಪತಿ, ನ್ಯಾಯಾಂಗಕ್ಕೆ ಮುಖ್ಯಸ್ಥ. ದೇಶದ ಕೊನೆಯ ಕೋರ್ಟು ಅನ್ನುವುದು ಪಾರ್ಲಿಮೆಂಟಿನದೇ ಒಂದು ಸಮಿತಿಯಾಗಿತ್ತು. 2005ರ ಕಾಯ್ದೆ ಇದನ್ನೆಲ್ಲ ಬಿಡಿಸಿತು. 2009ರ ಅಕ್ಟೋಬರ್ 1ರಂದು ಪಾರ್ಲಿಮೆಂಟ್ ಚೌಕದ ಆಚೆ ಬದಿಯ ಹಳೆಯ ಕಟ್ಟಡದಲ್ಲಿ ಸುಪ್ರೀಂ ಕೋರ್ಟು ಬಾಗಿಲು ತೆರೆಯಿತು. ಹೆಸರು ನಮ್ಮ ಸುಪ್ರೀಂ ಕೋರ್ಟಿನದೇ, ಆದರೆ ಪಾರ್ಲಿಮೆಂಟಿನ ಕಾಯ್ದೆಯನ್ನು ಹೊಡೆದುಹಾಕುವ ಅಧಿಕಾರ ಅದಕ್ಕಿಲ್ಲ.

ಜಡ್ಜುಗಳನ್ನು ಆಚೆ ಕಳಿಸಿದ್ದಾಯಿತು. ಉಳಿದ ಎರಡು ಕೈಗಳು? ಅವು ಇವತ್ತಿಗೂ ಒಂದೇ ಮೈಯವು. ಮಂತ್ರಿಗಳು ಬರುವುದು ಪಾರ್ಲಿಮೆಂಟಿನಿಂದ, ಕೂರುವುದು ಪಾರ್ಲಿಮೆಂಟಿನಲ್ಲಿ. ಮಂತ್ರಿ, ಕಿರಿಯ ಮಂತ್ರಿ, ವಿಪ್ಪು ಎಂದು ನೂರಕ್ಕೂ ಜಾಸ್ತಿ ಸದಸ್ಯರು ಸರ್ಕಾರದ ಪರ ಕೈ ಎತ್ತಲೇಬೇಕಾದವರು. ಜತೆಗೆ ಚುನಾವಣೆಯ ಲೆಕ್ಕ ನೋಡಿ. 2024ರ ಜುಲೈನಲ್ಲಿ ಲೇಬರ್ ಪಕ್ಷಕ್ಕೆ ಬಿದ್ದ ಮತ ಸುಮಾರು ಶೇ. 34. ಸಿಕ್ಕ ಸೀಟು 650ರಲ್ಲಿ 411. ಹೀಗಿರುವಾಗ ಪಾರ್ಲಿಮೆಂಟು ಸರ್ವೋಚ್ಚ ಅನ್ನುವ ಮಾತಿಗೆ ನಿಜ ಜೀವನದಲ್ಲಿ ಏನರ್ಥ? ಮೂರರಲ್ಲೊಂದು ಪಾಲು ಮತ ಪಡೆದ ಪಕ್ಷದ ಪ್ರಧಾನಿ, ತನ್ನ ಪಕ್ಷದವರು ದಂಗೆ ಏಳದಿದ್ದರೆ, ಏನು ಬೇಕಾದರೂ ಮಾಡಬಹುದು. ಲಾರ್ಡ್ಸ್ ಸಭೆ ಸ್ವಲ್ಪ ಕಾಲ ಎಳೆದಾಡಬಹುದು, ನಿಲ್ಲಿಸುವುದಕ್ಕೆ ಆಗುವುದಿಲ್ಲ. ಕನ್ಸರ್ವೇಟಿವ್ ಪಕ್ಷದ ಲಾರ್ಡ್ ಹೇಲ್‌ಶಮ್ 1976ರಲ್ಲಿ ಇದಕ್ಕೆ ಚುನಾಯಿತ ಸರ್ವಾಧಿಕಾರ ಎಂದು ಹೆಸರಿಟ್ಟರು. ಆಗ ಅವರ ಪಕ್ಷ ವಿರೋಧ ಪಕ್ಷವಾಗಿತ್ತು. ಮೂರು ವರ್ಷದ ನಂತರ ಅವರೇ ಮತ್ತೆ ಲಾರ್ಡ್ ಚಾನ್ಸಲರ್ ಆದರು. ಚುನಾಯಿತ ಸರ್ವಾಧಿಕಾರ ಅಲ್ಲೇ ಇತ್ತು.

ಆದ್ದರಿಂದ ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿಗೂ ಕೋರ್ಟಿಗೂ ಜಗಳ ಎಂಬ ಸುದ್ದಿ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು, ಪಾರ್ಲಿಮೆಂಟಿನ ಅಂಗಿ ಹಾಕಿಕೊಂಡು ನಿಂತವರು ಯಾರು ಎಂದು. ಹೆಚ್ಚಿನ ಸಲ ಅಂಗಿಯೊಳಗೆ ಇರುವುದು ಸರ್ಕಾರ.

ಬ್ರೆಕ್ಸಿಟ್ ಕಾಲದ ಎರಡು ಕೇಸುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2016ರ ಜನಮತದಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಜನ ಮತ ಹಾಕಿದರು. ಹೊರಡುತ್ತೇವೆ ಎಂಬ ನೋಟಿಸನ್ನು ಮಂತ್ರಿಗಳೇ ಕೊಡುತ್ತೇವೆ, ಪಾರ್ಲಿಮೆಂಟಿನ ಕಾಯ್ದೆ ಬೇಕಿಲ್ಲ ಎಂದಿತು ಸರ್ಕಾರ. ಜೀನಾ ಮಿಲ್ಲರ್ ಕೋರ್ಟಿಗೆ ಹೋದರು. ಹೈಕೋರ್ಟಿನ ಮೂವರು ಜಡ್ಜುಗಳು ಪಾರ್ಲಿಮೆಂಟಿನ ಒಪ್ಪಿಗೆ ಬೇಕು ಎಂದರು. ಮರುದಿನ, 2016ರ ನವೆಂಬರ್ 4ರಂದು, ಡೈಲಿ ಮೇಲ್ ಪತ್ರಿಕೆ ಆ ಮೂವರ ಫೋಟೊ ಹಾಕಿ ಜನರ ಶತ್ರುಗಳು ಎಂದು ಮುಖಪುಟದ ತಲೆಬರಹ ಕೊಟ್ಟಿತು. ಜಡ್ಜುಗಳನ್ನು ಕಾಯಬೇಕಾದ ಲಾರ್ಡ್ ಚಾನ್ಸಲರ್ ಲಿಜ್ ಟ್ರಸ್ ತಡವಾಗಿ, ಅದೂ ಸಪ್ಪೆಯಾಗಿ ಒಂದು ಹೇಳಿಕೆ ಕೊಟ್ಟರು. ಆ ಜಡ್ಜುಗಳು ಮಾಡಿದ್ದಾದರೂ ಏನು? ಪಾರ್ಲಿಮೆಂಟನ್ನು ಕೇಳಿ ಎಂದದ್ದು. 2017ರ ಜನವರಿ 24ರಂದು ಸುಪ್ರೀಂ ಕೋರ್ಟು 8–3ರಲ್ಲಿ ಅದನ್ನೇ ಎತ್ತಿಹಿಡಿಯಿತು. ಪಾರ್ಲಿಮೆಂಟು ಮಾರ್ಚಿನಲ್ಲಿ ಕಾಯ್ದೆ ಮಾಡಿ ಒಪ್ಪಿಗೆಯನ್ನೂ ಕೊಟ್ಟಿತು. ಬ್ರೆಕ್ಸಿಟ್ ಏನೂ ನಿಲ್ಲಲಿಲ್ಲ.

ಎರಡನೆಯದು ಇನ್ನೂ ಮಜವಾಗಿದೆ. 2019ರ ಜುಲೈನಲ್ಲಿ ಬೋರಿಸ್ ಜಾನ್ಸನ್ ಪ್ರಧಾನಿ ಆದರು. ಅಕ್ಟೋಬರ್ 31ಕ್ಕೆ ಬ್ರೆಕ್ಸಿಟ್ ಗಡುವು. ಒಪ್ಪಂದ ಇಲ್ಲದೆ ಹೊರಬರುವುದಕ್ಕೆ ಕಾಮನ್ಸ್ ಸಭೆ ಒಪ್ಪುವ ಹಾಗಿರಲಿಲ್ಲ. ಸಭೆಯನ್ನು ಗೆಲ್ಲಲಾಗದಿದ್ದರೆ ಸಭೆಗೇ ಬೀಗ ಹಾಕಿದರೆ ಹೇಗೆ? ಆಗಸ್ಟ್ 28ರಂದು ಸಚಿವ ಜೇಕಬ್ ರೀಸ್-ಮಾಗ್ ಮತ್ತಿಬ್ಬರು ಸ್ಕಾಟ್ಲೆಂಡಿನ ಬಾಲ್ಮೊರಲ್ ಅರಮನೆಗೆ ಹೋದರು. ರಾಣಿ ರಜೆಗೆ ಅಲ್ಲಿದ್ದರು. ಪಾರ್ಲಿಮೆಂಟಿನ ಅಧಿವೇಶನವನ್ನು ಸುಮಾರು ಐದು ವಾರ ಮುಂದೂಡುವ ಆದೇಶಕ್ಕೆ ಒಪ್ಪಿಗೆ ಪಡೆದು ಬಂದರು. ಹೊಸ ಅಧಿವೇಶನಕ್ಕೆ ಮುನ್ನ ಕೆಲವು ದಿನ ಬಿಡುವು ಕೊಡುವುದು ಮಾಮೂಲು. ಅಂಥ ಹೊತ್ತಿನಲ್ಲಿ ಐದು ವಾರ ಅನ್ನುವುದು ಮಾಮೂಲಲ್ಲ. ರಾಣಿ ಇಲ್ಲ ಎನ್ನುವ ಹಾಗಿಲ್ಲ. ಪ್ರಧಾನಿಯ ಸಲಹೆಯಂತೆ ನಡೆಯುವುದು ಅಲ್ಲಿನ ಪದ್ಧತಿ.

ಲಂಡನ್ನಿನ ಹೈಕೋರ್ಟು ಇದು ರಾಜಕೀಯ, ನಮ್ಮ ಕೆಲಸವಲ್ಲ ಎಂದಿತು. ಎಡಿನ್‌ಬರೊದ ಕೋರ್ಟು ಕಾನೂನುಬಾಹಿರ ಎಂದಿತು. ಎರಡೂ ಸುಪ್ರೀಂ ಕೋರ್ಟಿಗೆ ಹೋದವು. ಮಾಜಿ ಪ್ರಧಾನಿ ಜಾನ್ ಮೇಜರ್ ತಮ್ಮದೇ ಪಕ್ಷದ ಪ್ರಧಾನಿಯ ವಿರುದ್ಧ ಕೋರ್ಟಿನ ಮುಂದೆ ನಿಂತರು. ಸೆಪ್ಟೆಂಬರ್ 24ರಂದು ಹನ್ನೊಂದು ಜಡ್ಜುಗಳ ಒಮ್ಮತದ ತೀರ್ಪನ್ನು ಲೇಡಿ ಹೇಲ್ ಓದಿದರು. ಅವರ ಕಪ್ಪು ಉಡುಪಿನ ಮೇಲಿದ್ದ ಜೇಡದ ಪಿನ್ನು ತೀರ್ಪಿಗಿಂತ ಜಾಸ್ತಿ ಫೇಮಸ್ ಆಯಿತು. ತೀರ್ಪಿನ ತಿರುಳು ಹೀಗಿದೆ. ಅಧಿವೇಶನ ಮುಂದೂಡುವ ಅಧಿಕಾರ ಸರ್ಕಾರಕ್ಕಿದೆ, ಒಪ್ಪಿದೆವು. ಆದರೆ ಅದಕ್ಕೆ ಮಿತಿಯೇ ಇಲ್ಲ ಎಂದಾದರೆ ಸರ್ಕಾರ ಪಾರ್ಲಿಮೆಂಟನ್ನು ಎಷ್ಟು ಕಾಲ ಬೇಕಾದರೂ ಮುಚ್ಚಿಡಬಹುದು. ಆಗ ಪಾರ್ಲಿಮೆಂಟು ಸರ್ವೋಚ್ಚ ಹೇಗಾಯಿತು? ಸರಿಯಾದ ಕಾರಣ ಇಲ್ಲದೆ ಪಾರ್ಲಿಮೆಂಟಿನ ಕೆಲಸಕ್ಕೆ ಅಡ್ಡಿ ಮಾಡುವ ಮುಂದೂಡಿಕೆ ಕಾನೂನುಬಾಹಿರ. ಸರ್ಕಾರ ಕಾರಣವನ್ನೇ ಕೊಟ್ಟಿಲ್ಲ. ಹಾಗಾಗಿ ಲಾರ್ಡ್ಸ್ ಸಭೆಗೆ ಆ ಆದೇಶವನ್ನು ತಂದವರು ಖಾಲಿ ಹಾಳೆ ಹಿಡಿದು ಬಂದಂತೆ. ಪಾರ್ಲಿಮೆಂಟು ಮುಂದೂಡಿಕೆಯೇ ಆಗಿಲ್ಲ.

ಮರುದಿನವೇ ಸದಸ್ಯರು ಬಂದು ಕೂತರು.

ಕೋರ್ಟು ಮಿತಿ ಮೀರಿತು ಎಂದು ಆಗ ಗೊಣಗಿದವರು ಬಹಳ. ಅವರ ವಾದದಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಭೆಗೆ ಬೇಕಿದ್ದರೆ ಅವಿಶ್ವಾಸ ಮಂಡಿಸಿ ಸರ್ಕಾರವನ್ನೇ ಇಳಿಸಬಹುದಿತ್ತು, ಜಡ್ಜುಗಳು ಯಾಕೆ ಬೇಕಿತ್ತು ಎಂಬುದು ತಳ್ಳಿಹಾಕುವ ಪ್ರಶ್ನೆ ಅಲ್ಲ. ಆದರೆ ಬಾಗಿಲಿಗೆ ಬೀಗ ಬಿದ್ದ ಮೇಲೆ ಸಭೆ ಎಲ್ಲಿ ಸೇರಿ ಅವಿಶ್ವಾಸ ಮಂಡಿಸಬೇಕು, ಹೇಳಿ? ಸರ್ಕಾರದ ಪ್ರತಿಕ್ರಿಯೆ ನೋಡಿದರೆ ಏಟು ಎಲ್ಲಿ ಬಿತ್ತು ಎಂದು ಗೊತ್ತಾಗುತ್ತದೆ. 2022ರಲ್ಲಿ ಕಾಮನ್ಸ್ ವಿಸರ್ಜನೆಯ ಬಗ್ಗೆ ಹೊಸ ಕಾಯ್ದೆ ತಂದಾಗ, ಆ ಅಧಿಕಾರವನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದು ಬೇಲಿ ಹಾಕಿಕೊಂಡರು.

ಈಗ ರುವಾಂಡಾಕ್ಕೆ ವಾಪಸ್ ಬರೋಣ. ಬ್ರೆಕ್ಸಿಟ್ ಕೇಸುಗಳಲ್ಲಿ ಕೋರ್ಟಿನ ಕೆಲಸ ಒಂದು ರೀತಿಯಲ್ಲಿ ಸುಲಭವಿತ್ತು. ಸರ್ಕಾರ ಒಂದು ಕಡೆ, ಪಾರ್ಲಿಮೆಂಟು ಇನ್ನೊಂದು ಕಡೆ. ಪಾರ್ಲಿಮೆಂಟಿನ ಪಕ್ಕ ನಿಂತರೆ ಆಯಿತು. 2024ರಲ್ಲಿ ಸರ್ಕಾರ ಪಾರ್ಲಿಮೆಂಟನ್ನು ಜತೆಗೇ ಕರೆದುಕೊಂಡು ಬಂತು. ಕಾಯ್ದೆಯ ಮೊದಲ ಸೆಕ್ಷನ್ನಿನಲ್ಲೇ ಪಾರ್ಲಿಮೆಂಟು ಸರ್ವೋಚ್ಚ ಎಂದು ಬರೆಸಿಕೊಂಡಿತು. ನಾನೇ ಯಜಮಾನ ಎಂದು ಮನೆ ಬಾಗಿಲಿಗೆ ಬೋರ್ಡು ಹಾಕಿಕೊಳ್ಳುವವನನ್ನು ಕಂಡರೆ ನನಗೆ ಅನುಮಾನ ಬರುತ್ತದೆ.

ಕೋರ್ಟಿನ ತೀರ್ಪನ್ನು ಪಾರ್ಲಿಮೆಂಟು ಕಾಯ್ದೆಯಿಂದ ಅಳಿಸುವುದು ಹೊಸದೇನಲ್ಲ. 1942ರಲ್ಲಿ ಜಪಾನೀಯರ ಕೈಗೆ ಸಿಗದಿರಲಿ ಎಂದು ಬ್ರಿಟಿಷ್ ಪಡೆಗಳು ಬರ್ಮಾದ ಎಣ್ಣೆ ಘಟಕಗಳನ್ನು ನಾಶ ಮಾಡಿದ್ದವು. ಕಂಪನಿಗೆ ಪರಿಹಾರ ಕೊಡಬೇಕು ಎಂದು 1964ರಲ್ಲಿ ಕೊನೆಯ ಕೋರ್ಟು ಹೇಳಿತು. ಮುಂದಿನ ವರ್ಷವೇ ಯುದ್ಧ ಹಾನಿ ಕಾಯ್ದೆ ಬಂತು. ಅಂಥ ಪರಿಹಾರದ ಹಕ್ಕು ಹಿಂದೆಯೂ ಇರಲಿಲ್ಲ, ಮುಂದೆಯೂ ಇಲ್ಲ ಎಂದಿತು. ಅಲ್ಲಿ ಪಾರ್ಲಿಮೆಂಟು ಬದಲಿಸಿದ್ದು ಕಾನೂನನ್ನು. ಕಾನೂನು ಬದಲಿಸುವುದು ಅದರ ಕಸುಬು. ರುವಾಂಡಾ ಕಾಯ್ದೆ ಬದಲಿಸಲು ಹೊರಟಿದ್ದು ಸಂಗತಿಯನ್ನು. ರುವಾಂಡಾದ ರಾಜಧಾನಿ ಕಿಗಾಲಿಯ ವಲಸೆ ಕಚೇರಿಯಲ್ಲಿ ಏನು ನಡೆಯುತ್ತದೆ ಎಂಬುದು ಸಂಗತಿ. ಸಾಕ್ಷ್ಯ ನೋಡಿ ಹೇಳಬೇಕಾದದ್ದು. ಒಪ್ಪಂದದಲ್ಲಿ ಹೇಳಿದ ರಕ್ಷಣೆಗಳು ನಿಜಕ್ಕೂ ಜಾರಿಗೆ ಬಂದಿವೆ ಎಂದು ಖಚಿತವಾದ ಮೇಲೆ ಸುರಕ್ಷಿತ ಎನ್ನೋಣ ಎಂದು ಲಾರ್ಡ್ಸ್ ಸಭೆಯಲ್ಲಿ ಮಾಜಿ ಜಡ್ಜ್ ಲಾರ್ಡ್ ಹೋಪ್ ತಿದ್ದುಪಡಿ ತಂದರು. ಕೇಳಲು ಎಷ್ಟು ಸಾಧಾರಣ ಮಾತು! ಸರ್ಕಾರ ಒಪ್ಪಲಿಲ್ಲ. ಎರಡು ಸಭೆಗಳ ನಡುವೆ ಮಸೂದೆ ಹೋಗಿ ಬಂದು, ಕೊನೆಗೆ ಏಪ್ರಿಲ್ 22ರ ರಾತ್ರಿ ಲಾರ್ಡ್ಸ್ ಸೋತರು.

ಕೋರ್ಟು ಏನು ಮಾಡುತ್ತಿತ್ತು? 2005ರಲ್ಲಿ ನರಿ ಬೇಟೆ ನಿಷೇಧದ ಕಾಯ್ದೆಯ ಕೇಸಿನಲ್ಲಿ ಕೆಲವು ಹಿರಿಯ ಜಡ್ಜುಗಳು ಒಂದು ಸುಳಿವು ಬಿಟ್ಟಿದ್ದರು. ಕೋರ್ಟಿನ ಪರಿಶೀಲನೆಯನ್ನೇ ತೆಗೆದುಹಾಕುವಂಥ ಕಾಯ್ದೆ ಬಂದರೆ, ಅಂಥದ್ದನ್ನು ಪಾರ್ಲಿಮೆಂಟು ಮಾಡಬಹುದೇ ಎಂದು ಯೋಚಿಸಬೇಕಾದೀತು ಎಂದಿದ್ದರು ಲಾರ್ಡ್ ಸ್ಟೈನ್. ಪಾರ್ಲಿಮೆಂಟಿನ ಅಧಿಕಾರ ಮಿತಿಯೇ ಇಲ್ಲದ್ದು ಎನ್ನುವ ಕಾಲ ಹೋಯಿತು ಎಂಬ ಅರ್ಥದ ಮಾತನ್ನು ಆಡಿದವರು ಇದೇ ಲಾರ್ಡ್ ಹೋಪ್. ಆ ಕೇಸಿನ ತೀರ್ಮಾನಕ್ಕೆ ಬೇಕಾಗಿರದ, ಪಕ್ಕದಲ್ಲಿ ಆಡಿದ ಮಾತುಗಳು ಅವು. ಪರೀಕ್ಷೆಗೆ ಬಂದಿಲ್ಲ. ರುವಾಂಡಾ ಕಾಯ್ದೆಯೂ ಆ ಪರೀಕ್ಷೆ ಬರೆಯಲಿಲ್ಲ. ಮೇ 22ರಂದು ಸುನಕ್ ಚುನಾವಣೆ ಘೋಷಿಸಿದರು. ಜುಲೈ 4ರಂದು ಸೋತರು. ಕೀರ್ ಸ್ಟಾರ್ಮರ್ ಅಧಿಕಾರಕ್ಕೆ ಬಂದವರೇ ಯೋಜನೆ ಸತ್ತು ಮಣ್ಣಾಗಿದೆ ಎಂದರು. ಹೊಸ ಗೃಹ ಸಚಿವೆ ಇವೆಟ್ ಕೂಪರ್ ಕೊಟ್ಟ ಲೆಕ್ಕದಂತೆ ಅದಕ್ಕೆ ಖರ್ಚಾದದ್ದು 70 ಕೋಟಿ ಪೌಂಡ್. ರುವಾಂಡಾಕ್ಕೆ ಹೋದವರು ನಾಲ್ವರು, ಅವರೂ ತಾವಾಗಿಯೇ ಒಪ್ಪಿ ಹೋದವರು. ಮೂರು ಕಾಲಿನ ಮೊಲ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ವಾದ ಗೆದ್ದಂತೆ ಕಾಣುತ್ತದೆ. ಆದರೆ ಅದೇ ಪಾರ್ಲಿಮೆಂಟು, ರುವಾಂಡಾ ಕಾಯ್ದೆಯಾಗಿ ಒಂದೇ ತಿಂಗಳಿಗೆ, 2024ರ ಮೇ 24ರಂದು ಇನ್ನೊಂದು ಕಾಯ್ದೆ ಮಾಡಿತು. ಅದು ನನ್ನ ನಿದ್ದೆ ಸ್ವಲ್ಪ ಕೆಡಿಸುತ್ತದೆ.

ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಇತ್ತು. ಅದು ಇಲ್ಲದ ಕೊರತೆ ತೋರಿಸುತ್ತಿತ್ತು. 1999ರಿಂದ 2015ರವರೆಗೆ ಊರೂರಿನ ಉಪ ಅಂಚೆ ಪಾಲಕರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಕೇಸು ಬಿದ್ದವು. 900ಕ್ಕೂ ಜಾಸ್ತಿ ಜನ ತಪ್ಪಿತಸ್ಥರಾದರು. ಕೆಲವರು ಜೈಲಿಗೆ ಹೋದರು, ಮನೆ ಮಾರಿದರು, ಕೆಲವರು ಜೀವ ಕಳೆದುಕೊಂಡರು. ಅವರಲ್ಲಿ ಭಾರತೀಯ ಮೂಲದವರೂ ಬಹಳ ಮಂದಿ. ಕಂಪ್ಯೂಟರು ಸರಿಯಾಗಿಯೇ ಕೆಲಸ ಮಾಡುತ್ತದೆ ಎಂದು ಮೊದಲೇ ಊಹಿಸಿಕೊಳ್ಳುವ ನಿಯಮ ಇಂಗ್ಲಿಷ್ ಕೋರ್ಟುಗಳಲ್ಲಿತ್ತು. ಅಂದರೆ ಇಲ್ಲಿ ಮೊಲಕ್ಕೆ ಮೂರೇ ಕಾಲು ಎಂದು ಕೂತಿದ್ದು ಕೋರ್ಟು. 2021ರಲ್ಲಿ ಮೇಲ್ಮನವಿ ಕೋರ್ಟು 39 ಜನರ ಶಿಕ್ಷೆ ರದ್ದು ಮಾಡಿತು. ಒಬ್ಬೊಬ್ಬರದೇ ಕೇಸು ನೋಡುತ್ತಾ ಹೋದರೆ ಉಳಿದವರು ಬದುಕಿರುವಾಗ ನ್ಯಾಯ ಸಿಗುವ ಹಾಗಿರಲಿಲ್ಲ. 2024ರ ಜನವರಿಯಲ್ಲಿ ಟಿವಿಯಲ್ಲಿ ಈ ಕಥೆ ಧಾರಾವಾಹಿಯಾಗಿ ಬಂತು, ದೇಶ ಸಿಟ್ಟಿಗೆದ್ದಿತು. ಪಾರ್ಲಿಮೆಂಟು ಒಂದೇ ಏಟಿಗೆ ನೂರಾರು ತೀರ್ಪುಗಳನ್ನು ಅಳಿಸಿಹಾಕಿತು.

ಅಧಿಕಾರ ಹಂಚಿಕೆಯ ದೃಷ್ಟಿಯಿಂದ ಇದು ರುವಾಂಡಾ ಕಾಯ್ದೆಗಿಂತ ದೊಡ್ಡ ಅತಿಕ್ರಮಣ. ಕೋರ್ಟು ತಪ್ಪಿತಸ್ಥ ಎಂದವರನ್ನು ಶಾಸಕರು ನಿರಪರಾಧಿ ಮಾಡಿದರು. ಆದರೂ ಆ ಅಂಚೆಯವರ ಮುಖ ನೋಡಿದ ಯಾರಿಗಾದರೂ ಪಾರ್ಲಿಮೆಂಟು ಮಾಡಿದ್ದು ಸರಿ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸುತ್ತದೆ. ಎರಡೂ ಕಾಯ್ದೆ ಬಂದದ್ದು ಒಂದೇ ಕತ್ತಿಯಿಂದ. ಈ ಕತ್ತಿಯನ್ನು ಕಿತ್ತುಕೊಂಡರೆ ಅಂಚೆಯವರಿಗೆ ಆದ ಉಪಕಾರವೂ ಇರುತ್ತಿರಲಿಲ್ಲ.

ನಾವು ಆ ಕತ್ತಿಗೆ ಒರೆ ಹಾಕಿಸಿದವರು. ಹಾಕಿಸಿದ್ದು ಕಾಸರಗೋಡಿನ ಎಡನೀರು ಮಠದ ಒಂದು ಅರ್ಜಿ. ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಹಾಕಿದ ಅರ್ಜಿ 13 ಜಡ್ಜುಗಳ ಪೀಠಕ್ಕೆ ಹೋಯಿತು. 1973ರ ಏಪ್ರಿಲ್ 24ರಂದು 7–6ರ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ ಎಂದಿತು. ಯಕ್ಷಗಾನದ ಭಾಗವತಿಕೆಗೆ ಹೆಸರಾದ ಒಬ್ಬ ಕನ್ನಡದ ಸ್ವಾಮಿಗಳ ಹೆಸರು ಇವತ್ತು ಲಂಡನ್ನಿನ ಕಾನೂನು ತರಗತಿಗಳಲ್ಲೂ ಕೇಳಿಬರುತ್ತದೆ. ಆದರೆ ಏಳಕ್ಕೆ ಆರು ಅನ್ನುವುದನ್ನು ಮರೆಯಬೇಡಿ. ಒಬ್ಬರು ಆಚೆ ಹೋಗಿದ್ದರೆ ಕಥೆಯೇ ಬೇರೆ. ಕೊನೆಯ ಮಾತು ಜಡ್ಜುಗಳದು ಎಂದಾದರೆ, ಜಡ್ಜುಗಳನ್ನು ಯಾರು ಆರಿಸಬೇಕು ಎಂಬ ಜಗಳ ಶುರುವಾಗುತ್ತದೆ. ನಮ್ಮಲ್ಲಿ ಜಡ್ಜುಗಳೇ ಜಡ್ಜುಗಳನ್ನು ಆರಿಸುವ ಕೊಲಿಜಿಯಂ ಸುತ್ತ ಅದು ನಡೆದೇ ಇದೆ. ಅಲ್ಲಿ ಆ ಜಗಳ ಕಡಿಮೆ. ಕಾಯ್ದೆ ಹೊಡೆಯಲಾಗದ ಜಡ್ಜು ಯಾರಾದರೆ ಏನು ಎಂಬ ಉದಾಸೀನವೂ ಅದಕ್ಕೆ ಒಂದು ಕಾರಣ ಇರಬೇಕು.

ಬ್ರಿಟನ್ನು ನಡುವಿನ ದಾರಿಯೊಂದನ್ನು 1998ರ ಮಾನವ ಹಕ್ಕುಗಳ ಕಾಯ್ದೆಯಲ್ಲಿ ಹುಡುಕಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ. ಯುರೋಪಿನ ಮಾನವ ಹಕ್ಕು ಒಡಂಬಡಿಕೆಗೆ ಒಂದು ಕಾಯ್ದೆ ಹೊಂದುವುದಿಲ್ಲ ಎಂದು ಕೋರ್ಟು ಘೋಷಿಸಬಹುದು. ಅಷ್ಟೇ. ಕಾಯ್ದೆ ಜೀವಂತ ಇರುತ್ತದೆ, ಬದಲಿಸುವುದು ಬಿಡುವುದು ಪಾರ್ಲಿಮೆಂಟಿಗೆ ಬಿಟ್ಟದ್ದು. 2004ರ ಡಿಸೆಂಬರಿನಲ್ಲಿ ಭಯೋತ್ಪಾದನೆಯ ಶಂಕೆ ಇದ್ದ ವಿದೇಶಿಯರನ್ನು ವಿಚಾರಣೆ ಇಲ್ಲದೆ ಕೂಡಿಹಾಕುವ ಕಾಯ್ದೆಯ ಬಗ್ಗೆ ಕೋರ್ಟು ಹಾಗೆ ಘೋಷಿಸಿತು. ಪಾರ್ಲಿಮೆಂಟು ನಾಚಿಕೊಂಡು ಬದಲಿಸಿತು. ನಾಚಿಕೆಯ ಮೇಲೆ ನಿಂತ ವ್ಯವಸ್ಥೆ. ಇಪ್ಪತ್ತು ವರ್ಷ ಒಂದು ಮಟ್ಟಿಗೆ ನಡೆಯಿತು.

ರುವಾಂಡಾ ಕಾಯ್ದೆಯನ್ನು ರದ್ದು ಮಾಡುವ ಮಸೂದೆಯನ್ನು ಸ್ಟಾರ್ಮರ್ ಸರ್ಕಾರ 2025ರ ಜನವರಿಯಲ್ಲಿ ಮಂಡಿಸಿತು. ಆದರೆ ಚರ್ಚೆ ಅದಾಗಲೇ ಮುಂದಕ್ಕೆ ಓಡಿದೆ. ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಯುರೋಪಿನ ಒಡಂಬಡಿಕೆಯಿಂದಲೇ ಹೊರಬರಬೇಕು ಎನ್ನುತ್ತಿದೆ. 2025ರ ಅಕ್ಟೋಬರಿನಲ್ಲಿ ಕನ್ಸರ್ವೇಟಿವ್ ನಾಯಕಿ ಕೆಮಿ ಬೇಡೆನಾಕ್ ಕೂಡ ಅದನ್ನೇ ಪಕ್ಷದ ನೀತಿ ಮಾಡಿದರು. ಆ ಒಡಂಬಡಿಕೆ ಬರೆಯುವುದರಲ್ಲಿ ಮುಂದೆ ನಿಂತವರು ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್ ಎಂಬ ಕನ್ಸರ್ವೇಟಿವ್ ವಕೀಲ. 1951ರಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಅನುಮೋದಿಸಿದ ದೇಶವೂ ಬ್ರಿಟನ್ನೇ. ಉತ್ತರ ಐರ್ಲೆಂಡಿನಲ್ಲಿ ಬಂದೂಕು ಕೆಳಗಿಳಿಸಿದ 1998ರ ಶಾಂತಿ ಒಪ್ಪಂದದೊಳಗೂ ಆ ಒಡಂಬಡಿಕೆ ಹೆಣೆದುಕೊಂಡಿದೆ.

ಹೊರಬರಲು ಮೂರನೇ ಎರಡರಷ್ಟು ಬಹುಮತ ಬೇಕಿಲ್ಲ. ಒಡಂಬಡಿಕೆಯ 58ನೇ ವಿಧಿಯ ಪ್ರಕಾರ ಆರು ತಿಂಗಳ ನೋಟಿಸಿನ ಒಂದು ಕಾಗದ ಸಾಕು. ಮುಂದಿನ ಚುನಾವಣೆ 2029ರೊಳಗೆ ನಡೆಯಬೇಕು. ಆಮೇಲೆ ಒಂದು ದಿನ ಯಾರಾದರೂ ಆ ಕಾಗದ ಬರೆಯಲು ಕೂತರೆ, ಅದಕ್ಕೆ ಮಂತ್ರಿಯೊಬ್ಬರ ಸಹಿ ಸಾಕೋ, 2017ರ ತೀರ್ಪಿನ ಹಾದಿಯಲ್ಲಿ ಮೊದಲು ಪಾರ್ಲಿಮೆಂಟನ್ನು ಕೇಳಬೇಕೋ ಎಂಬ ಜಗಳ ಏಳುತ್ತದೆ. ಅದನ್ನು ಬಿಡಿಸಲು ಮತ್ತೆ ಆ ಚೌಕವನ್ನು ದಾಟಿ ಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು.